ನೂರು ವರ್ಷ ಹಿಂದಿನ ಸಲಕರಣೆಗಳಲ್ಲಿ ಭದ್ರೆಯ ಯೋಜನೆ: ನನ್ನ ಅನುಭವ

ನೀರಾವರಿ ಇಲಾಖೆಯಲ್ಲಿ ನಾಲೆಗಳ ಕೆಲಸ ಮಾಡಿ ನಿವೃತ್ತನಾದ ಮೇಲೆ, ಶಿವಮೊಗ್ಗದ ನನ್ನ ಮನೆಯಲ್ಲಿ ಕುಳಿತು ಒಂದು ಕೆಲಸವನ್ನು ಕೈಗೆತ್ತಿಕೊಂಡೆ. ಲಕ್ಕವಳ್ಳಿಯ ಭದ್ರಾ ಜಲಾಶಯವನ್ನು 1910ರ ಹೊತ್ತಿನ ಮೈಸೂರು ಸಂಸ್ಥಾನದ ಒಬ್ಬ ಎಂಜಿನಿಯರ್ ಯೋಜಿಸಬೇಕಾಗಿದ್ದರೆ ಹೇಗೆ ಯೋಜಿಸುತ್ತಿದ್ದ ಎಂಬುದನ್ನು, ಅಂದಿನ ಸಲಕರಣೆ ಮತ್ತು ಅಂದಿನ ಲೆಕ್ಕದ ಕ್ರಮಗಳಿಂದಲೇ ಮಾಡಿ ನೋಡುವುದು ನನ್ನ ಉದ್ದೇಶವಾಗಿತ್ತು. ನಿಜವಾದ ಅಣೆಕಟ್ಟೆಯ ಕೆಲಸ ಸ್ವಾತಂತ್ರ್ಯದ ಹೊಸ್ತಿಲಲ್ಲಿ ಆರಂಭವಾಗಿ 1960ರ ದಶಕದಲ್ಲಿ ಮುಗಿಯಿತು. 186 ಅಡಿ ಗರಿಷ್ಠ ಮಟ್ಟ, ಸುಮಾರು 71.5 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಸಂಗ್ರಹ ಎಂಬ ಅಂಕಿಗಳು ನಮ್ಮ ಕಡೆಯ ರೈತರಿಗೆಲ್ಲ ಬಾಯಿಪಾಠ. ಆ ಅಂಕಿಗಳನ್ನು ಬದಿಗಿಟ್ಟು ಮೊದಲಿನಿಂದ ಹೊರಟೆ.

ಏಕೆ ದೊಡ್ಡ ನದಿಯೇ ಬೇಕಾಯಿತು ಎಂಬುದಕ್ಕೆ ಉತ್ತರ ಹತ್ತೊಂಬತ್ತನೆಯ ಶತಮಾನದಲ್ಲೇ ಇದೆ. ಬ್ರಿಟಿಷ್ ಕಮಿಷನರರ ಆಡಳಿತದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಸಂಸ್ಥಾನದ ಶೇಕಡ 60ರಷ್ಟು ನೆಲದ ಮಳೆನೀರು ಆಗಲೇ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ ಎಂದು ಬರೆದಿದ್ದರು. ಹೊಸ ಕೆರೆ ಕಟ್ಟಿದರೆ ಕೆಳಗಿನ ಹಳೆಯ ಕೆರೆ ಒಣಗುವ ಸ್ಥಿತಿ ಅದು. 1876-78ರ ಬರದಲ್ಲಿ ಮಳೆಯೇ ಇಲ್ಲದಾಗ ಆ ಕೆರೆಗಳು ಜನರನ್ನು ಉಳಿಸಲಾರದೆ ಹೋದವು. ಮಲೆನಾಡಿನಲ್ಲಿ ಹುಟ್ಟಿ ಬಯಲಿಗೆ ಹರಿಯುವ ನದಿಗಳನ್ನು ತಡೆಯುವುದೊಂದೇ ಉಳಿದ ದಾರಿಯಾಗಿತ್ತು.

ಮೊದಲ ಪ್ರಶ್ನೆ, ನದಿಯಲ್ಲಿ ಎಷ್ಟು ನೀರಿದೆ ಎಂಬುದು. ಕುದುರೆಮುಖದ ಸೀಮೆಯಿಂದ ಕಳಸ, ಬಾಳೆಹೊನ್ನೂರು, ನರಸಿಂಹರಾಜಪುರಗಳ ದಾರಿಯಲ್ಲಿ ಭದ್ರೆ ಇಳಿದು ಬರುವಷ್ಟರಲ್ಲಿ ಮಳೆಯ ಪ್ರಮಾಣ ಮೆಟ್ಟಿಲು ಮೆಟ್ಟಿಲಾಗಿ ಕಡಿಮೆಯಾಗುತ್ತದೆ. ಹಳೆಯ ಮಳೆಮಾಪಕಗಳಿದ್ದದ್ದು ಹೆಚ್ಚಾಗಿ ತಾಲ್ಲೂಕು ಕಚೇರಿಗಳ ಅಂಗಳದಲ್ಲಿ. ನದಿಗೆ ನೀರು ಕೊಡುವುದು ಯಾರೂ ಅಳೆಯದ ಘಟ್ಟದ ನೆತ್ತಿ. ಪ್ರತಿ ಮಾಪಕಕ್ಕೂ ಅದರ ಸುತ್ತಲಿನ ನೆಲವನ್ನು ಹಂಚಿ ಸರಾಸರಿ ಮಳೆ ತೆಗೆಯುವ ಥೀಸೆನ್ ವಿಧಾನ 1911ರಲ್ಲಿ ಬಂದದ್ದರಿಂದ ನನ್ನ ನಿಯಮದ ಪ್ರಕಾರ ಅದನ್ನು ಬಳಸುವಂತಿರಲಿಲ್ಲ, ಬಳಸಿದ್ದರೂ ಇಂತಹ ಇಳಿಜಾರಿನ ಮಳೆಗೆ ಅದು ಒಗ್ಗುತ್ತಿರಲಿಲ್ಲ. ಆದ್ದರಿಂದ ನಕ್ಷೆಯ ಮೇಲೆ ಒಂದೇ ಪ್ರಮಾಣದ ಮಳೆ ಬೀಳುವ ಸ್ಥಳಗಳನ್ನು ಕೂಡಿಸುವ ಸಮಮಳೆ ರೇಖೆಗಳನ್ನು ಕೈಯಿಂದಲೇ ಎಳೆದು, ಎರಡು ರೇಖೆಗಳ ನಡುವಿನ ವಿಸ್ತೀರ್ಣವನ್ನು ಚೌಕುಳಿ ಟ್ರೇಸಿಂಗ್ ಹಾಳೆಯಲ್ಲಿ ಎಣಿಸಿ ಸರಾಸರಿ ತೆಗೆದೆ.

ಬಿದ್ದ ಮಳೆಯೆಲ್ಲ ಹೊಳೆಗೆ ಬರುವುದಿಲ್ಲ. ಮುಂಬಯಿ ಪ್ರಾಂತ್ಯದ ಎಂಜಿನಿಯರ್ ಸ್ಟ್ರೇಂಜ್ 1890ರ ದಶಕದಲ್ಲಿ ಸಿದ್ಧಪಡಿಸಿದ ಕೋಷ್ಟಕ ನೆಲವನ್ನು ಒಣ, ತೇವ, ಒದ್ದೆ ಎಂದು ವಿಂಗಡಿಸಿ ಹರಿವನ್ನು ಅಂದಾಜಿಸುತ್ತದೆ. ಮಲೆನಾಡಿನವರು ಇದನ್ನು ಮಳೆ ನಕ್ಷತ್ರಗಳಲ್ಲಿ ಬಲ್ಲರು: ಮೃಗಶಿರದ ಮಳೆಯನ್ನು ನೆಲವೇ ಕುಡಿಯುತ್ತದೆ, ಪುನರ್ವಸು, ಪುಷ್ಯದ ಹೊತ್ತಿಗೆ ಒರತೆ ಎದ್ದು, ಬಿದ್ದದ್ದೆಲ್ಲ ಹಳ್ಳ ಸೇರುತ್ತದೆ. ನಾನು ವರ್ಷಕ್ಕೊಂದೇ ಶೇಕಡಾವಾರು ಹಿಡಿಯದೆ, ತಿಂಗಳಿಗೊಂದು ಪ್ರಮಾಣ ಹಿಡಿದು ಲೆಕ್ಕ ಹಾಕಿದೆ.

ಈ ಎಚ್ಚರ ಎಷ್ಟು ಮುಖ್ಯವೆಂಬುದಕ್ಕೆ ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ಮಾರಿಕಣಿವೆ ಜಲಾಶಯ ನಮ್ಮ ಕಣ್ಣ ಮುಂದೆಯೇ ಇದೆ. ವೇದಾವತಿಯೂ ಬಾಬಾಬುಡನ್‌ಗಿರಿಯ ಕಡೆಯಿಂದಲೇ ಬರುತ್ತದೆ, ಆದರೆ ಅದರ ಜಲಾನಯನದ ಬಹುಭಾಗ ಮಳೆ ಕಡಿಮೆಯಿರುವ, ಕೆರೆಗಳು ತುಂಬಿರುವ ಬಯಲು. 1907ರಲ್ಲಿ ಮುಗಿದ, ಸುಮಾರು 30 ಟಿಎಂಸಿಯ ಆ ಜಲಾಶಯ ಮೊದಲು ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಬಿದ್ದದ್ದು 2022ರಲ್ಲಿ. ಗೋಡೆ ಅಷ್ಟು ಭದ್ರವಾಗಿ ಇಂದಿಗೂ ನಿಂತಿರುವಾಗ ಅದನ್ನು ಕಟ್ಟಿದವರ ಕೌಶಲವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೂ ಮಳೆಯ ಅಂಕಿಯಿಂದ ನದಿಯ ಅಂಕಿಗೆ ದಾಟುವಾಗ ಎಷ್ಟು ಬಿಗಿಯಾಗಿರಬೇಕೆಂಬುದನ್ನು ನಾನು ಕಲಿತದ್ದು ಅಲ್ಲಿಯೇ.

ಲೆಕ್ಕಕ್ಕೆ ಸಾಕ್ಷಿಯಾಗಿ ಹರಿವನ್ನು ಹೊಳೆಯಲ್ಲೇ ಅಳೆಯಬೇಕು. ಭದ್ರಾವತಿಗಿಂತ ಮೇಲೆ ಹೊಳೆ ನೇರವಾಗಿ ಹರಿಯುವ ಒಂದು ಕಡೆ, ಎರಡೂ ದಡಗಳಲ್ಲಿ ಗೂಟ ನೆಟ್ಟು ನೂರು ಅಡಿ ಗುರುತಿಸಿದೆ. ಒಣ ಬಿದಿರಿನ ಕೋಲುಗಳನ್ನು ನೀರಿನ ಆಳಕ್ಕಿಂತ ತುಸು ಮೊಟಕಾಗಿ ಕತ್ತರಿಸಿ, ಬುಡದ ಗೆಣ್ಣಿನೊಳಗೆ ಬೆಣಚುಕಲ್ಲು ತುಂಬಿ ಬಟ್ಟೆಯಿಂದ ಬಿರಡೆ ಹಾಕಿದರೆ, ಕೋಲು ನೀರಿನಲ್ಲಿ ನೆಟ್ಟಗೆ ನಿಂತು ತೇಲುತ್ತದೆ. ಬರಿಯ ಮೇಲ್ಮೈಯಲ್ಲಿ ತೇಲುವ ವಸ್ತು ನದಿಯ ವೇಗವನ್ನು ಹೆಚ್ಚಾಗಿ ತೋರಿಸುತ್ತದೆ. ಆಳಕ್ಕೆ ಇಳಿದ ಕೋಲು ಮೇಲಿನ ಮತ್ತು ಕೆಳಗಿನ ವೇಗಗಳ ಸರಾಸರಿಗೆ ಹತ್ತಿರ ಬರುತ್ತದೆ. ದಡದ ಬಳಿ, ನಡುವೆ, ಮಡುವಿನ ಮೇಲೆ ಹೀಗೆ ಬೇರೆ ಬೇರೆ ಸಾಲಿನಲ್ಲಿ ಬಿಟ್ಟು, ಪ್ರತಿ ಸಾಲಿನ ವೇಗವನ್ನು ಆ ಭಾಗದ ಅಡ್ಡಕೊಯ್ತದಿಂದ ಗುಣಿಸಿ ಕೂಡಿದರೆ ಹರಿವು ಕ್ಯೂಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಎಂಬ ಲೆಕ್ಕದಲ್ಲಿ, ದೊರೆಯುತ್ತದೆ. ಪ್ರವಾಹದ ಮಟ್ಟವನ್ನು ಮಾತ್ರ ಉಪಕರಣಕ್ಕಿಂತ ಊರಿನವರೇ ಚೆನ್ನಾಗಿ ಹೇಳಿದರು. ದಡದ ಒಂದು ಹಳ್ಳಿಯಲ್ಲಿ ಅಡಿಕೆ ತೋಟದ ಹಿರಿಯರೊಬ್ಬರು, “ನಮ್ಮ ಅಜ್ಜನ ಕಾಲ್ದಾಗೆ ನೀರು ಈ ಕಟ್ಟೆ ಹತ್ತಿತ್ತು ಸ್ವಾಮಿ, ಇದರಿಂದ ಆಚೆ ಬಂದದ್ದಿಲ್ಲ” ಎಂದು ತೋರಿಸಿದ ಮಟ್ಟವನ್ನೇ ಲೆವೆಲ್ ಹಿಡಿದು ದಾಖಲಿಸಿಕೊಂಡೆ.

ಸಂಗ್ರಹ ಎಷ್ಟಿರಬೇಕೆಂಬುದನ್ನು ಎಂಜಿನಿಯರ್ ರಿಪ್ಲ್ 1883ರಲ್ಲಿ ಪ್ರಕಟಿಸಿದ ಕ್ರಮದಿಂದ ತೆಗೆದೆ. ತಿಂಗಳು ತಿಂಗಳು ಬಂದ ನೀರನ್ನು ಕೂಡಿಸುತ್ತಾ ಹೋಗುವ ವಕ್ರರೇಖೆಯೊಂದು, ನಾಲೆಗೆ ಬಿಡಬೇಕಾದ ನೀರಿನ ರೇಖೆಯೊಂದು. ಎರಡರ ನಡುವೆ ಅತಿ ಹೆಚ್ಚು ಅಂತರ ಎಲ್ಲಿ ಬೀಳುತ್ತದೋ ಅಷ್ಟೇ ಬೇಕಾದ ಸಂಗ್ರಹ. 1,000 ಕ್ಯೂಸೆಕ್ ಸುಮಾರು ಹನ್ನೊಂದೂವರೆ ದಿನ ಹರಿದರೆ ಒಂದು ಟಿಎಂಸಿ; ಒಂದು ಟಿಎಂಸಿ ಎಂದರೆ ಸುಮಾರು 23,000 ಎಕರೆಯ ಮೇಲೆ ಒಂದಡಿ ನೀರು. ಭತ್ತಕ್ಕೆ ಗದ್ದೆಯಲ್ಲಿ ನಾಲ್ಕೈದು ಅಡಿ ಬೇಕೆಂದು ಹಿಡಿದರೆ ಐದು ಸಾವಿರ ಎಕರೆಯ ಸುತ್ತಮುತ್ತ ನಿಲ್ಲುತ್ತದೆ. ಎಲ್ಲರಿಗೂ ಭತ್ತ ಎಂದ ಕೂಡಲೇ ಅಚ್ಚುಕಟ್ಟು ಕುಗ್ಗುತ್ತದೆ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ನೀರಾ ನಾಲೆಗಳಲ್ಲಿ ಬ್ಲಾಕ್ ಪದ್ಧತಿ ತಂದು, ಒಂದು ಬ್ಲಾಕಿನೊಳಗೆ ಬೆಳೆಗಳನ್ನು ಸರದಿಯಂತೆ ಇಟ್ಟದ್ದು ಇದೇ ಇಕ್ಕಟ್ಟಿಗೆ ಕೊಟ್ಟ ಪರಿಹಾರ. ನನ್ನ ಯೋಜನೆಯಲ್ಲೂ ಅದನ್ನೇ ಅನುಸರಿಸಿದೆ.

ನಾಲೆಯ ವಿಷಯದಲ್ಲಿ ನಾನು ತುದಿಯಿಂದ ಹಿಂದಕ್ಕೆ ಬಂದೆ. ಬಲದಂಡೆ ನಾಲೆ ತರೀಕೆರೆ, ಚನ್ನಗಿರಿಗಳ ಸೀಮೆ ದಾಟಿ ದಾವಣಗೆರೆಯ ಕಡೆಗೆ ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಮೈಲಿಗೆ ಒಂದಡಿ ಇಳಿಜಾರು ಕೊಟ್ಟರೂ ಅರುವತ್ತು ಅಡಿಗೂ ಹೆಚ್ಚು ಎತ್ತರ ದಾರಿಯಲ್ಲೇ ಕಳೆದುಹೋಗುತ್ತದೆ. ತುದಿಯ ಹೊಲದ ಮಟ್ಟಕ್ಕೆ ಇದನ್ನು ಕೂಡಿಸಿದಾಗ ಬರುವುದೇ ತೂಬಿನ ಮಟ್ಟ, ಅದಕ್ಕಿಂತ ಕೆಳಗೆ ನಿಲ್ಲುವ ನೀರು ಆ ನಾಲೆಯ ಪಾಲಿಗೆ ಇಲ್ಲದ ನೀರು. ಸಮೋನ್ನತಿ ರೇಖೆ (ಒಂದೇ ಎತ್ತರದ ನೆಲವನ್ನು ಕೂಡಿಸುವ ರೇಖೆ) ಹಿಡಿದು ಸಾಗುವ ನಾಲೆಗೆ ದಾರಿಯುದ್ದಕ್ಕೂ ಹಳ್ಳಗಳು ಅಡ್ಡ ಬರುತ್ತವೆ, ಪ್ರತಿ ಹಳ್ಳಕ್ಕೂ ಮೇಲ್ಗಾಲುವೆಯೋ ಸುರಂಗವೋ ಬೇಕು. ಖರ್ಚು ಉಬ್ಬುವುದು ಅಲ್ಲಿಯೇ.

ಮುಳುಗಡೆಗೆ ಪ್ರತ್ಯೇಕ ಹಾಳೆಯೊಂದನ್ನು ಮಾಡಿದೆ. ಬ್ರಿಟಿಷ್ ಭಾರತದ 1894ರ ಭೂಸ್ವಾಧೀನ ಕಾಯ್ದೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡ 15 ಕೊಡುವುದನ್ನು ಹೇಳುತ್ತಿತ್ತು, ಎದ್ದು ಹೋದವರು ಎಲ್ಲಿ ಬಾಳಬೇಕೆಂಬುದನ್ನು ಹೇಳುತ್ತಿರಲಿಲ್ಲ. ಶರಾವತಿಯಲ್ಲಿ ಮುಳುಗಡೆಯಾದ ಊರುಗಳ ಜನ ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುವುದನ್ನು ನೋಡಿದ ಜಿಲ್ಲೆಯವನಾಗಿ, ಬೆಲೆಯ ಅಂಕಣದ ಪಕ್ಕದಲ್ಲಿ ಬದಲಿ ಜಮೀನಿನ ಅಂಕಣವನ್ನೂ ಸೇರಿಸದೆ ಆ ಹಾಳೆಯನ್ನು ಮುಗಿಸಲು ನನಗೆ ಮನಸ್ಸಾಗಲಿಲ್ಲ. ಈ ಒಂದು ಕಡೆ ನಾನು 1910ರ ನಿಯಮವನ್ನು ತಿಳಿದೇ ಮೀರಿದ್ದೇನೆ.

ಇಷ್ಟೆಲ್ಲ ಆದ ಮೇಲೂ ಮದರಾಸಿನ ಒಪ್ಪಿಗೆ ಬೇಕಾಗಿತ್ತು. ನದಿನೀರಿನ ಬಗ್ಗೆ ಮೈಸೂರು, ಮದರಾಸುಗಳ ನಡುವೆ ಆದ 1892ರ ಒಪ್ಪಂದದ ಪಟ್ಟಿಯಲ್ಲಿ ತುಂಗಾ, ಭದ್ರಾ, ವೇದಾವತಿ ಮೂರೂ ಇದ್ದವು. ಮದರಾಸು ಸರ್ಕಾರದ ಸಮ್ಮತಿಯಿಲ್ಲದೆ ಮೈಸೂರು ಅವುಗಳ ಮೇಲೆ ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಆಗಲೇ ನೆಲೆಗೊಂಡ ರೂಢಿಯ ಹಕ್ಕುಗಳನ್ನು ಕಾಪಾಡಲು ಹೊರತು ಸಮ್ಮತಿಯನ್ನು ನಿರಾಕರಿಸಬಾರದೆಂಬ ಮಾತೂ ಅದರಲ್ಲೇ ಇತ್ತು, ಆದರೆ ಕೆಳಗಿನವರಿಗೆ ನಷ್ಟವಿಲ್ಲವೆಂದು ತೋರಿಸಿಕೊಡಬೇಕಾದವರು ಮೇಲಿನವರೇ. ಕಾವೇರಿಯಲ್ಲಿ ಇದು 1914ರಲ್ಲಿ ಮಧ್ಯಸ್ಥಗಾರ ಗ್ರಿಫಿನ್ ಕೊಟ್ಟ ತೀರ್ಪನ್ನೂ ದಾಟಿ 1924ರ ಒಪ್ಪಂದದವರೆಗೆ ಎಳೆಯಿತು. ಆ ನಡುವೆ ಕನ್ನಂಬಾಡಿಗೆ ಮೊದಲ ಹಂತದಲ್ಲಿ 11 ಟಿಎಂಸಿಗಷ್ಟೇ ಅನುಮತಿ ಇದ್ದರೂ, ಪೂರ್ಣ ಎತ್ತರಕ್ಕೆ ಒಗ್ಗುವ ಅಗಲದ ಅಡಿಪಾಯ ಹಾಕಿಸಿದ ಧೈರ್ಯವನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಭದ್ರೆಯ ಕೆಳಗೆ ಇದ್ದದ್ದು ವಿಜಯನಗರದ ಕಾಲದ ಕಾಲುವೆಗಳು ಮತ್ತು ಸುಂಕೇಸುಲ ಅಣೆಕಟ್ಟಿನಿಂದ ಹೊರಡುವ ಕರ್ನೂಲು-ಕಡಪ ನಾಲೆ. ಅವುಗಳಿಗೆ ಮಳೆಗಾಲದ ಪ್ರವಾಹದಲ್ಲಿ ಕೊರತೆಯಿಲ್ಲ, ಕೊರತೆ ಬರುವುದು ಬೇಸಿಗೆಯ ತೆಳು ಹರಿವಿನಲ್ಲಿ. ಆದ್ದರಿಂದ ನಾನು ತಿಂಗಳಿಗೊಂದು ಸಾಲಿನ ಕೋಷ್ಟಕ ಮಾಡಿ, ಲಕ್ಕವಳ್ಳಿಗೆ ಬರುವ ನೀರು, ತಡೆಯುವ ನೀರು, ಬಿಡುವ ನೀರು, ಕೂಡ್ಲಿಯಲ್ಲಿ ತುಂಗೆ ತಂದು ಸೇರಿಸುವ ನೀರು ಎಂದು ನಾಲ್ಕು ಅಂಕಣ ಬರೆದೆ. ಡಿಸೆಂಬರಿನಿಂದ ಮೇ ವರೆಗೆ ಬಂದಷ್ಟನ್ನೂ ಕೆಳಗೆ ಬಿಟ್ಟು, ತಡೆಯುವುದನ್ನು ಜುಲೈ, ಆಗಸ್ಟಿನ ಪ್ರವಾಹಕ್ಕೆ ಸೀಮಿತಗೊಳಿಸಿದೆ. ಹಾಗೆ ಉಳಿದ ನೀರು ಎಷ್ಟೆಂದು ಗೊತ್ತಾದ ಮೇಲೆಯೇ ಅಣೆಕಟ್ಟೆಯ ಎತ್ತರವನ್ನು ಬರೆದುಕೊಂಡೆ.