ಒಮ್ಮೆ ಕೆಟ್ಟ ಕೆಳರೆಪ್ಪೆಯನ್ನು ಒಳಗಿನಿಂದಲೇ ಸರಿಪಡಿಸಿದ್ದು

ಕಣ್ಣಿನ ಕೆಳಗಿನ ಊದಿದ ಚೀಲಗಳನ್ನು ಬೇರೆಡೆ ತೆಗೆಸಿಕೊಂಡಿದ್ದ, ಐವತ್ತು ದಾಟಿದ ಶಿಕ್ಷಕಿಯೊಬ್ಬರು 9 ತಿಂಗಳ ನಂತರ ನನ್ನ ಬಳಿಗೆ ಬಂದಾಗ ಅಂದದ ಮಾತನ್ನೇ ಎತ್ತಲಿಲ್ಲ. "ಡಾಕ್ಟ್ರೇ, ರಾತ್ರಿ ಬಲಗಣ್ಣು ಪೂರ್ತಿ ಮುಚ್ಚುವುದೇ ಇಲ್ಲ, ಬೆಳಿಗ್ಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ" ಎಂದರು. ಆ ಕಣ್ಣಿನ ಕೆಳರೆಪ್ಪೆ ಜಗ್ಗಿ, ಕಪ್ಪುಗುಡ್ಡೆಯ ಕೆಳಗೆ ಸುಮಾರು 2 ಮಿಲಿಮೀಟರ್ ಬಿಳಿ ಕಾಣುತ್ತಿತ್ತು. ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಕೆಳಭಾಗದ ತುಂಬ ಹಸಿರು ಚುಕ್ಕೆಗಳಿದ್ದವು. ಅದು ಮೇಲ್ಪದರ ಒಣಗಿ ಕೆಟ್ಟಿರುವುದರ ಗುರುತು.

ಇಂಥ ರೆಪ್ಪೆಯಲ್ಲಿ ಕೊರತೆ ಯಾವುದರದ್ದು ಎಂಬುದನ್ನು ನಾನು ಬೆರಳ ತುದಿಯಿಂದಲೇ ಮೊದಲು ತಿಳಿಯುತ್ತೇನೆ. ಹೊರಮೂಲೆಯನ್ನು ಮೆಲ್ಲಗೆ ಮೇಲಕ್ಕೆತ್ತಿದಾಗ ರೆಪ್ಪೆ ತನ್ನ ಜಾಗಕ್ಕೆ ಬಂದರೆ ಸಡಿಲವಾಗಿರುವುದು ರೆಪ್ಪೆಯನ್ನು ಹಿಡಿದಿಡುವ ಆಧಾರ. ಬಾಯಿ ತೆರೆದು ಮೇಲೆ ನೋಡಿದಾಗ ರೆಪ್ಪೆ ಇನ್ನಷ್ಟು ಕೆಳಗಿಳಿದರೆ ಸಾಲದಿರುವುದು ಚರ್ಮ. ನಡುಭಾಗವನ್ನು ತಳ್ಳಿದರೂ ಒಳಗೆ ದಾರ ಕಟ್ಟಿ ಹಿಡಿದಂತೆ ಮೇಲೇರಲು ಒಪ್ಪದಿದ್ದರೆ ನಡುಪದರದಲ್ಲಿ ಗಾಯ ಗಟ್ಟಿಯಾಗಿ ಎಳೆಯುತ್ತಿದೆ ಎಂದು ಅರ್ಥ. ಇವರದು ಕೊನೆಯದು, ಜೊತೆಗೆ ಹೊರಮೂಲೆಯೂ ಸ್ವಲ್ಪ ಸಡಿಲ. ಚರ್ಮ ಸಾಕಷ್ಟಿತ್ತು, ಹಾಗಾಗಿ ಹೊರಗಿನಿಂದ ಮತ್ತೆ ಕೊಯ್ಯುವ ಅಗತ್ಯವಿರಲಿಲ್ಲ. ಮೊದಲ ಶಸ್ತ್ರಚಿಕಿತ್ಸೆಯಾಗಿ ಸುಮಾರು 6 ತಿಂಗಳು ತುಂಬದವರಿಗೆ, ಕಾರ್ನಿಯಾಕ್ಕೆ ಅಪಾಯವಿಲ್ಲದಿದ್ದರೆ, ಹನಿ, ಮುಲಾಮು, ನೀವುವಿಕೆ ಇಷ್ಟನ್ನೇ ಹೇಳಿ ಕಾಯಿಸುತ್ತೇನೆ; ಹಸಿ ಗಾಯದ ಮೇಲೆ ಮತ್ತೆ ಕೈ ಹಾಕಿದರೆ ಬಿಗಿತ ಹೆಚ್ಚುತ್ತದೆ.

ಅಡ್ರಿನಲಿನ್ ಬೆರೆಸಿದ, ಜಾಗ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚಿ, ರಕ್ತನಾಳಗಳು ಕುಗ್ಗಲೆಂದು 10 ನಿಮಿಷಕ್ಕೂ ಹೆಚ್ಚು ಕಾದು, ರೆಪ್ಪೆಯ ಒಳಮೈಯಲ್ಲಿ ಕೊಯ್ದೆ. ಒಳಬದಿಯ ಮತ್ತು ನಡುವಿನ ಕೊಬ್ಬಿನ ಗಂಟುಗಳ ಮಧ್ಯೆ ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುವೊಂದು ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಹಿಂದೆ ಶಸ್ತ್ರಚಿಕಿತ್ಸೆಯಾಗದ ರೆಪ್ಪೆಯಲ್ಲಿ ಅದು ಕೆಂಪಗೆ ಸ್ಪಷ್ಟವಾಗಿರುತ್ತದೆ, ಆದರೆ ಇಲ್ಲಿ ಗಾಯದ ಬಿಳಿ ನಾರಿನಲ್ಲಿ ಹುದುಗಿ ಹೋಗಿತ್ತು. ಮೊಂಡು ತುದಿಯ ಕತ್ತರಿಯಿಂದ ಒಂದೊಂದೇ ಎಳೆಯನ್ನು ಬಿಡಿಸುತ್ತ ಹೋದೆ. ಕೊನೆಯ ಎಳೆ ಬಿಟ್ಟಾಗ ರೆಪ್ಪೆ ತಾನಾಗಿ ಮೇಲೆದ್ದದ್ದು ಕೈಗೆ ತಿಳಿಯಿತು. ಹಾಗೆ ತೆರೆದ ಜಾಗಕ್ಕೆ ಬಾಯಿಯ ಗಟ್ಟಿ ಅಂಗುಳಿನಿಂದ ತೆಗೆದ ಸಣ್ಣ ಪಟ್ಟಿಯನ್ನು ಹೊಲಿದು, ಹೊರಮೂಲೆಯನ್ನು ಎಲುಬಿನ ಪೊರೆಗೆ ಬಿಗಿದು, ರೆಪ್ಪೆಯನ್ನು ಹುಬ್ಬಿನ ಕಡೆಗೆ ಎತ್ತಿ ಹಿಡಿಯುವ ತಾತ್ಕಾಲಿಕ ಹೊಲಿಗೆಯನ್ನು ಒಂದು ವಾರ ಇಟ್ಟೆ.

ಅವರಿಗೆ ಕಣ್ಣಿಗಿಂತ ಅಂಗುಳೇ ಹೆಚ್ಚು ನೋಯಿತು. ಹತ್ತು ದಿನ ಮೆತ್ತಗಿನ ಮಜ್ಜಿಗೆ ಅನ್ನವೇ ಊಟ. ಇದನ್ನು ಮೊದಲೇ ಹೇಳಿಡುವುದು ವೈದ್ಯರ ಕರ್ತವ್ಯವೆಂದು ನಾನು ಭಾವಿಸುತ್ತೇನೆ. ಈಚೆಗೆ, ಚರ್ಮ ಜೋತಿರದೆ ಕೊಬ್ಬಷ್ಟೇ ಉಬ್ಬಿರುವವರಿಗೆ ಮೊದಲ ಸಲವೇ ಒಳಗಿನಿಂದ ಹೋಗುತ್ತೇನೆ, ಏಕೆಂದರೆ ರೆಪ್ಪೆಯನ್ನು ಎತ್ತಿ ಹಿಡಿಯುವ ಹೊರಗಿನ ಸ್ನಾಯುವನ್ನು ಆಗ ಮುಟ್ಟಬೇಕಾಗಿಯೇ ಇಲ್ಲ.

ಮೂರನೆಯ ತಿಂಗಳು ಅವರು ಬಂದಾಗ ಕಣ್ಣು ಪೂರ್ತಿ ಮುಚ್ಚುತ್ತಿತ್ತು, ಹಸಿರು ಚುಕ್ಕೆಗಳಿರಲಿಲ್ಲ. ಎಡಗಣ್ಣಿಗೆ ಹೋಲಿಸಿದರೆ ಅರ್ಧ ಮಿಲಿಮೀಟರಿನಷ್ಟು ವ್ಯತ್ಯಾಸ ಉಳಿದಿತ್ತು, ಅದನ್ನು ಹಾಗೆಯೇ ಬಿಡಲು ಇಬ್ಬರೂ ಒಪ್ಪಿದೆವು. ರಾತ್ರಿಯ ಮುಲಾಮನ್ನು ಅಂದೇ ನಿಲ್ಲಿಸಿದೆ.