ಬಿಲ್ಲು ಕೇಳುವುದರಿಂದ ಶುರುವಾದ ಕೆಲಸ

ಹಾವೇರಿ ಜಿಲ್ಲೆಯ ನಮ್ಮ ಭಾಗದಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರಿಗೆ ಔಷಧಿ ಹೊಡೆಯುವುದು ವಾರದ ಸಂತೆಯಷ್ಟೇ ಸಹಜ. ಎಲೆ ಮುಟುರಿದರೆ ಒಂದು, ಹೂವು ಉದುರಿದರೆ ಇನ್ನೊಂದು. ಯಾವುದನ್ನು ಹೊಡೆಯಬೇಕೆಂದು ತೀರ್ಮಾನಿಸುವವರು ಮಾತ್ರ ಅಂಗಡಿಯವರು. ಇದಕ್ಕೊಂದು ಕಡಿವಾಣ ಬೇಕೆಂದು ನಾವು ಕೆಲವು ರೈತರು ಸೇರಿದಾಗ, ನಿಷೇಧದ ಘೋಷಣೆಗಿಂತ ಮೊದಲು ಈಗಾಗಲೇ ಇರುವ ಕಾನೂನನ್ನು ಓದೋಣವೆಂದು ನಾನು ಪಟ್ಟು ಹಿಡಿದೆ.

1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳಲ್ಲಿ ಇರುವುದು ಕಡಿಮೆಯೇನಲ್ಲ. ಡಬ್ಬಿಯ ಜೊತೆ ಪ್ರಾದೇಶಿಕ ಭಾಷೆಯ ಕೈಪತ್ರ, ಅದರಲ್ಲಿ ಪ್ರತಿವಿಷದ ವಿವರ, ಸಿಂಪಡಿಸುವವರಿಗೆ ರಕ್ಷಣಾ ಉಡುಪು, ಖಾಲಿ ಡಬ್ಬಿಯನ್ನು ಒಡೆದು ಊರಿನಿಂದ ದೂರ ಹೂಳುವುದು, ಎಲ್ಲವೂ ಬರೆದಿದೆ. ನಮ್ಮ ಹೊಲಗಳಲ್ಲಿ ನಡೆಯುತ್ತಿದ್ದುದು ಬೇರೆ: ಕೂಲಿಯವರು ಬರಿಗೈಯಲ್ಲಿ ಔಷಧಿ ಕಲಸಿ, ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದಿ, ಸೋರುವ ಪಂಪಿನಿಂದ ಬೆನ್ನು ತೊಯ್ಸಿಕೊಂಡೇ ಮನೆಗೆ ಹೋಗುತ್ತಿದ್ದರು. ಕೆಂಪು ತ್ರಿಕೋನವಿದ್ದರೆ ಅತಿ ಘೋರ ವಿಷ, ಹಸಿರಾದರೆ ಅತಿ ಕಡಿಮೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ನಾವು ಮೊದಲು ಕೇಳಿದ್ದು ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುವ ಬಿಲ್ಲು. "ಬಿಲ್ ಬೇಕಂದ್ರ ಉದ್ರಿ ಸಿಗಾಂಗಿಲ್ಲ ನೋಡ್ರಿ ಗೌಡ್ರ" ಎಂದರು ಅಂಗಡಿಯವರು. ಸಮಸ್ಯೆಯ ಗಂಟು ಇದ್ದದ್ದೇ ಅಲ್ಲಿ. ಫಸಲು ಬಂದ ಮೇಲೆ ತೀರಿಸುವ ರೈತ ಕೊಟ್ಟದ್ದನ್ನು ಒಯ್ಯಬೇಕೇ ಹೊರತು ಪ್ರಶ್ನೆ ಕೇಳುವಂತಿಲ್ಲ. ಆದ್ದರಿಂದ ಗುಂಪಿನಲ್ಲಿ ಹಣ ಕೂಡಿಸಿ, ನಗದು ಕೊಟ್ಟು, ಬಿಲ್ಲು ಪಡೆದು ಖರೀದಿಸತೊಡಗಿದೆವು. ಆ ಬಿಲ್ಲುಗಳ ಜೆರಾಕ್ಸ್ ಲಗತ್ತಿಸಿ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟ ಅರ್ಜಿಗೆ ಸಿಕ್ಕ ಬೆಲೆ, ಅದಕ್ಕೂ ಹಿಂದೆ ಕೊಟ್ಟ ಮನವಿಗಳಿಗೆ ಸಿಕ್ಕಿರಲಿಲ್ಲ. ಅನಂತರ ಗ್ರಾಮಸಭೆಯಲ್ಲಿ ಠರಾವು ಮಾಡಿಸಿದೆವು: ಹಳ್ಳದ ನೀರಿನಲ್ಲಿ ಪಂಪು ತೊಳೆಯಬಾರದು, ಕೈಗವಸು ಮತ್ತು ಮುಖಗವಸನ್ನು ಹೊಲದ ಯಜಮಾನನೇ ಕೊಡಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲವು ಕೀಟನಾಶಕಗಳಿಗೆ ಪ್ರತಿವಿಷವಾದ ಅಟ್ರೋಪಿನ್ ಸದಾ ದಾಸ್ತಾನು ಇರಬೇಕು.

ಹೊಲದಲ್ಲಿ ಬದಲಾವಣೆ ತೋರಿಸದೆ ಇಷ್ಟನ್ನು ಕೇಳಿದ್ದರೆ ಜನ ನಗುತ್ತಿದ್ದರು. ನನ್ನ ಮೆಣಸಿನ ಸುತ್ತ ಮೆಕ್ಕೆಜೋಳದ ಅಂಚು ಬೆಳೆ ಹಾಕಿದೆ, ಥ್ರಿಪ್ಸ್ ನುಸಿಗೆ ನೀಲಿ ಅಂಟು ಬಲೆ ಕಟ್ಟಿದೆ. ಲೀಟರಿಗೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಸಿ, ಹಿಂಡಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಬಿಸಿಲು ಇಳಿದ ಮೇಲೆ ಹೊಡೆದೆ. ಬಿಸಿಲಿಗೆ ಬೇವಿನ ಸತ್ವ ಬೇಗ ಕೆಡುತ್ತದೆ. ಕೀಟ ಕಂಡರೆ ಮಾತ್ರ ಔಷಧಿ ಎಂಬ ನಿಯಮದಿಂದ ಖರ್ಚು ಇಳಿಯಿತು, ಉದ್ರಿಯ ಹಂಗೂ ಇಳಿಯಿತು. ಆದರೆ 2021-22ರಲ್ಲಿ ಕಪ್ಪು ಥ್ರಿಪ್ಸ್ ಹೂವಿನೊಳಗೇ ಕಿಕ್ಕಿರಿದಾಗ ಕಷಾಯ ಸಾಲಲಿಲ್ಲ, ರಾಸಾಯನಿಕವನ್ನೇ ಬಳಸಿದೆ. ಬೇವು ಎಲ್ಲಕ್ಕೂ ಮದ್ದೆಂದು ಸಭೆಗಳಲ್ಲಿ ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ.

ನಿಷೇಧದ ದಾರಿ ನಿಧಾನದ್ದು. ರಾಜ್ಯ ಸರ್ಕಾರ ಒಂದು ಕೀಟನಾಶಕದ ಮಾರಾಟವನ್ನು ತಾತ್ಕಾಲಿಕವಾಗಿ ಮಾತ್ರ ತಡೆಯಬಲ್ಲದು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನ್ ತಡೆದದ್ದೂ ಹಾಗೆಯೇ, ದೇಶಕ್ಕೆಲ್ಲ ಅನ್ವಯಿಸುವ ತಡೆ ಅದೇ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. 2020ರಲ್ಲಿ ಕೇಂದ್ರ 27 ಕೀಟನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿತು. 2023ರ ಆದೇಶದಲ್ಲಿ ಆ ಪೈಕಿ ಪೂರ್ತಿ ನಿಂತವು ಡೈಕೋಫಾಲ್, ಡೈನೋಕ್ಯಾಪ್, ಮೆಥೋಮಿಲ್ ಮೂರೇ.

ಹೀಗಾಗಿ ನಮ್ಮ ಈಗಿನ ಒತ್ತಾಯ ಕಾಯ್ದೆಯ 26ನೇ ಕಲಮಿನ ಮೇಲಿದೆ. ವಿಷಬಾಧೆಯ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಿಸುವ ಅಧಿಕಾರ ಅದರಡಿ ರಾಜ್ಯಕ್ಕೇ ಇದೆ. ಆಸ್ಪತ್ರೆಯ ಚೀಟಿಯಲ್ಲಿ ವಾಂತಿ, ತಲೆಸುತ್ತು ಎಂದಷ್ಟೇ ಬರೆದರೆ ಯಾವುದನ್ನು ಏಕೆ ನಿಲ್ಲಿಸಬೇಕೆಂದು ವಾದಿಸಲು ದಾಖಲೆಯೇ ಇರುವುದಿಲ್ಲ. ಹೊಲದಲ್ಲಿ ಯಾರಾದರೂ ಕುಸಿದರೆ ಡಬ್ಬಿಯನ್ನೂ ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ, ಅದರ ಹೆಸರನ್ನು ವೈದ್ಯರಿಂದ ಬರೆಸಿಕೊಳ್ಳಿರಿ ಎಂದು ಕೂಲಿಯವರಿಗೆ ಪ್ರತಿ ಹಂಗಾಮಿನಲ್ಲೂ ಹೇಳುತ್ತಿದ್ದೇವೆ.