ಕೋಳಿ ಕಣ್ಣು ಮುಚ್ಚಿಕೊಂಡೇ ನಿಂತಿದ್ದರೆ ಮೊದಲು ಇಷ್ಟು ಮಾಡಿ
ಕಣ್ಣು ಊದಿ ರೆಪ್ಪೆ ಅಂಟಿಕೊಂಡಿರುವ ಕೋಳಿಯನ್ನು ತಕ್ಷಣ ಬೇರೆ ಇಡಿ. ಉಳಿದವು ಅದೇ ಕಣ್ಣನ್ನು ಕುಕ್ಕುತ್ತವೆ, ಅಂಟುರೋಗವಾದರೆ ಹರಡುತ್ತದೆ ಕೂಡ.

ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ. ಕೋಳಿಗೆ ಟವೆಲ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ರೆಕ್ಕೆ ಏಟು ನಿಮಗೇ! ಉಗುರುಬೆಚ್ಚಗಿನ ಈ ಉಪ್ಪುನೀರಲ್ಲಿ ಅದ್ದಿದ ಹತ್ತಿಯನ್ನು ರೆಪ್ಪೆ ಮೇಲೆ ಎರಡು ಮೂರು ನಿಮಿಷ ಇಟ್ಟು, ಅಂಟು ಮೆತ್ತಗಾದ ಮೇಲೆ ಮೆಲ್ಲಗೆ ಒರೆಸಿ. ದಿನಕ್ಕೆ ಎರಡು ಮೂರು ಸಲ, ಪ್ರತಿ ಕಣ್ಣಿಗೂ ಬೇರೆ ಹತ್ತಿ. ಕೋಳಿಯ ಕೀವು ನಮ್ಮದರಂತೆ ನೀರಾಗಿರುವುದಿಲ್ಲ, ಒಡೆದ ಹಾಲಿನ ಗಡ್ಡೆಯ ಹಾಗೆ ಗಟ್ಟಿ. ಕಡ್ಡಿಯಿಂದ ಕೆದಕಲು ಹೋಗಬೇಡಿ.

ಮನೆಯಲ್ಲಿ ಉಳಿದ ಕಣ್ಣಿನ ಡ್ರಾಪ್ಸ್ ಸುಮ್ನೆ ಹಾಕಬೇಡಿ. ಅಕಸ್ಮಾತ್ ಅದರಲ್ಲಿ ಸ್ಟೀರಾಯ್ಡ್ ಇದ್ದರೆ, ಜೊತೆಗೆ ಕಣ್ಣಲ್ಲಿ ಗೀರು ಬಿದ್ದಿದ್ದರೆ ಕಣ್ಣೇ ಹೋಗಬಹುದು.

ಇನ್ನೊಂದು, ಗೂಡಲ್ಲಿ ಕೋಳಿಯ ಎತ್ತರಕ್ಕೆ ಬಗ್ಗಿ ಮೂಸಿ ನೋಡಿ. ಅಮೋನಿಯಾ ಘಾಟು ನಿಮಗೆ ಹೊಡೆದರೆ ಅದಕ್ಕೂ ಕಣ್ಣು ಉರಿಯುತ್ತಿದೆ ಎಂದೇ ಅರ್ಥ. ಒದ್ದೆ ಹಾಸು ಬದಲಿಸಿ, ಗಾಳಿಯಾಡಲು ಬಿಡಿ.

ಕಣ್ಣಲ್ಲಿ ನೊರೆ, ಸೀನು, ಮುಖ ಊತ ಅಥವಾ ಜುಟ್ಟಿನ ಮೇಲೆ ಕಪ್ಪು ಹಕ್ಕಳೆ ಕಂಡರೆ ಪಶುವೈದ್ಯರಿಗೆ ತೋರಿಸಿ. ಆ್ಯಂಟಿಬಯಾಟಿಕ್ ಕೊಟ್ಟರೆ, ಮೊಟ್ಟೆ ಎಷ್ಟು ದಿನ ತಿನ್ನಬಾರದು ಅಂತ ಅಲ್ಲೇ ಕೇಳಿಕೊಳ್ಳಿ.